ಊರಿನ ಜೆರ್ಸಿ ಬಿಚ್ಚದ ಟಿ.ಜೆ. ರೀಡ್

ಮೊನ್ನೆ ಊರಿನ ಗೆಳೆಯನೊಬ್ಬ ವಾಟ್ಸಾಪ್‌ನಲ್ಲಿ ಕೇಳಿದ. "ಲೋ, ನೀನು ಯಾವಾಗಲೂ ಹೇಳ್ತಿರ್ತೀಯಲ್ಲ, ಆ ಐರ್ಲೆಂಡಿನ ಕೋಲಾಟದವನು, ಅವನಿಗೆ ಮ್ಯಾಚಿಗೆ ಎಷ್ಟು ಕೊಡ್ತಾರೆ?" ನಾನು ಸೊನ್ನೆ ಅಂತ ಬರೆದೆ. ನಗುವ ಮುಖ ಬಂತು. "ಹಾಗಾದ್ರೆ ಅದು ಹವ್ಯಾಸ ಗುರು, ಕೆರಿಯರ್ ಹೇಗಾಗುತ್ತೆ?"

ಬಸ್ಸಿನಲ್ಲಿ ನಿಂತು ಹೆಬ್ಬೆರಳಲ್ಲಿ ಉತ್ತರ ಕೊಡುವ ವಿಷಯವಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಕಾಫಿ ಹಿಡಿದುಕೊಂಡು ಕೂರಿ.

ಅವನ ಹೆಸರು ಟಿ.ಜೆ. ರೀಡ್, ಆಟದ ಹೆಸರು ಹರ್ಲಿಂಗ್. ಒಂದೊಂದು ತಂಡದಲ್ಲಿ ಹದಿನೈದು ಜನ. ಕೈಯಲ್ಲಿ ಸುಮಾರು ಮೂರಡಿಯ, ತುದಿ ಅಗಲವಾದ ಮರದ ಕೋಲು. ಚೆಂಡು ಗಾತ್ರದಲ್ಲಿ ಕ್ರಿಕೆಟ್ ಚೆಂಡಿನಷ್ಟೇ, ತೂಕ ಕಮ್ಮಿ, 110ರಿಂದ 120 ಗ್ರಾಂ. ಗೋಲ್ ಕಂಬಗಳು ಇಂಗ್ಲಿಷಿನ ಎಚ್ ಅಕ್ಷರದ ಥರ. ಅಡ್ಡಪಟ್ಟಿಯ ಕೆಳಗೆ ಹೋದರೆ ಗೋಲು, ಅಂದರೆ ಮೂರು ಪಾಯಿಂಟ್. ಮೇಲೆ ಹೋದರೆ ಒಂದು. ಆ ಕೋಲಿಗೆ ಐರಿಷ್ ಭಾಷೆಯಲ್ಲಿ ಕಮಾನ್ ಅನ್ನುತ್ತಾರೆ. ಅವರ ಭಾಷೆಯಲ್ಲಿ ಕಾಮ್ ಅಂದರೆ ಬಾಗಿದ್ದು. ನಮ್ಮ ಕಮಾನು ಪಾರಸಿಯಿಂದ ಬಂದದ್ದು, ಅದೂ ಬಾಗಿದ್ದೇ. ಎರಡಕ್ಕೂ ಸಂಬಂಧ ಇಲ್ಲ, ಆದರೂ ಮೊದಲ ಸಲ ಕೇಳಿದಾಗ ನನಗೆ ಸುಮ್ನೆ ಖುಷಿಯಾಗಿತ್ತು.

ಟಿವಿಯಲ್ಲಿ ನೋಡಿದರೆ ಈ ಆಟ ಅರ್ಥವಾಗುವುದಿಲ್ಲ. ನಾನು ಡಬ್ಲಿನ್‌ಗೆ ಬಂದ ಎರಡನೇ ವರ್ಷ ಆಫೀಸಿನ ಸಹೋದ್ಯೋಗಿ ಒಬ್ಬ ಅವನ ಊರಿನ ಮ್ಯಾಚಿಗೆ ಕರೆದುಕೊಂಡು ಹೋದ. ಕಿಲ್ಕೆನ್ನಿ ಕೌಂಟಿಯ ಹಳ್ಳಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ. ಸ್ಟೇಡಿಯಂ ಇಲ್ಲ, ಕುರ್ಚಿ ಇಲ್ಲ, ಬೇಲಿ ಹಿಡಿದುಕೊಂಡು ನಿಲ್ಲಬೇಕು. ಇಬ್ಬರ ಕೋಲುಗಳು ಒಂದೇ ಚೆಂಡಿನ ಮೇಲೆ ಬಿದ್ದಾಗ ಬಂದ ಸದ್ದು ಇನ್ನೂ ಕಿವಿಯಲ್ಲಿದೆ, ಒಣ ಕಟ್ಟಿಗೆ ಸೀಳಿದ ಹಾಗೆ. ಕೋಲಿನ ಒಂದು ಚೂರು ಹಾರಿ ಬೇಲಿಯ ಈಚೆ, ನನ್ನ ಶೂ ಹತ್ತಿರ ಬಿತ್ತು. ಆಡುತ್ತಿದ್ದವನು ತಿರುಗಿಯೂ ನೋಡಲಿಲ್ಲ. ಗೆರೆಯ ಹೊರಗಿನಿಂದ ಯಾರೋ ಇನ್ನೊಂದು ಕೋಲು ಎಸೆದರು, ಓಡುತ್ತಲೇ ಹಿಡಿದುಕೊಂಡ. ಸೋಮವಾರ ಬೆಳಿಗ್ಗೆ ಇವರೆಲ್ಲ ಮೇಷ್ಟ್ರು, ಪ್ಲಂಬರ್, ಹಸು ಸಾಕುವವರು.

ಈಗ ಟಿ.ಜೆ. ರೀಡ್ ವಿಷಯಕ್ಕೆ ಬರುತ್ತೇನೆ. ಹುಟ್ಟಿದ್ದು 1987ರಲ್ಲಿ. ಊರು ಕಿಲ್ಕೆನ್ನಿಯ ದಕ್ಷಿಣಕ್ಕಿರುವ ಬ್ಯಾಲಿಹೇಲ್. ಕ್ಲಬ್ಬು ಬ್ಯಾಲಿಹೇಲ್ ಶ್ಯಾಮ್‌ರಾಕ್ಸ್. 1972ರಲ್ಲಿ ಶುರುವಾದದ್ದು, ಬ್ಯಾಲಿಹೇಲ್, ನಾಕ್‌ಟಾಫರ್, ನಾಕ್‌ಮೊಯ್ಲನ್ ಎಂಬ ಅಕ್ಕಪಕ್ಕದ ಹಳ್ಳಿಗಳ ಹುಡುಗರದ್ದು. ಹರ್ಲಿಂಗ್‌ನಲ್ಲಿ ಕ್ಲಬ್ ಅಂದರೆ ನೀವು ಆರಿಸಿಕೊಳ್ಳುವಂಥದ್ದಲ್ಲ. ಹೆಚ್ಚುಕಮ್ಮಿ ಹುಟ್ಟಿನಿಂದಲೇ ಬರುತ್ತದೆ, ಮನೆಯ ಹೆಸರಿನ ಹಾಗೆ. ಹರಾಜಿಲ್ಲ, ಮಾರಾಟವಿಲ್ಲ. ಆಲ್-ಐರ್ಲೆಂಡ್ ಅಂದರೆ ಇಡೀ ಐರ್ಲೆಂಡಿನ ಚಾಂಪಿಯನ್‌ಶಿಪ್, ಕ್ಲಬ್ಬುಗಳಿಗೊಂದು, ಕೌಂಟಿಗಳಿಗೊಂದು. ಇದೇ ಕ್ಲಬ್ಬು 1981ರಲ್ಲಿ ಕ್ಲಬ್ಬುಗಳ ಆಲ್-ಐರ್ಲೆಂಡ್ ಗೆದ್ದಾಗ ತಂಡದಲ್ಲಿ ಫೆನೆಲಿ ಮನೆಯ ಏಳು ಜನ ಅಣ್ಣತಮ್ಮಂದಿರಿದ್ದರು. ಏಳು! ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1997ರಿಂದ ಮನೆತನದ ಹೆಸರಲ್ಲೇ ಹಾಕಿ ತಂಡ ಕಟ್ಟುತ್ತಿರುವವರು ಅವರು. ಉಳಿದ ನಮಗೇ ಇದು ವಿಚಿತ್ರ.

ರೀಡ್ ಮನೆಯವರೂ ಕಮ್ಮಿಯಿಲ್ಲ. ಟಿ.ಜೆ. ಜೊತೆ ಅವನ ಅಣ್ಣತಮ್ಮಂದಿರೂ ಇದೇ ಹಸಿರು-ಬಿಳಿ ಜೆರ್ಸಿಯಲ್ಲಿ ಆಡಿದ್ದಾರೆ.

2007ರ ಮಾರ್ಚ್‌ನಲ್ಲಿ ಬ್ಯಾಲಿಹೇಲ್ ಆಲ್-ಐರ್ಲೆಂಡ್ ಕ್ಲಬ್ ಚಾಂಪಿಯನ್ ಆದಾಗ ಅವನಿಗೆ ಹತ್ತೊಂಬತ್ತು. ಅದೇ ವರ್ಷ, ಊರೂರಿನ ಕ್ಲಬ್ಬುಗಳಿಂದ ಆರಿಸಿ ಕಟ್ಟುವ ಕಿಲ್ಕೆನ್ನಿ ಕೌಂಟಿ ತಂಡಕ್ಕೂ ಸೇರಿದ. ಮೊದಲ ಕೆಲವು ವರ್ಷ ಅಲ್ಲಿ ಒಳಗೆ-ಹೊರಗೆ. ಆ ಕಾಲದ ಕಿಲ್ಕೆನ್ನಿ ಅಂಥದ್ದು, ಬೇರೆ ಕೌಂಟಿಯಲ್ಲಾದರೆ ರಾಜನಾಗುವವನು ಇಲ್ಲಿ ಬೆಂಚಲ್ಲಿ ಕೂರಬೇಕಿತ್ತು. ಆಮೇಲೆ ಬೆಳೆದ, 2015ರಲ್ಲಿ ವರ್ಷದ ಅತ್ಯುತ್ತಮ ಹರ್ಲರ್ ಆದ. 2007ರಿಂದ 2015ರೊಳಗೆ ಕೌಂಟಿ ಜೊತೆ ಏಳು ಆಲ್-ಐರ್ಲೆಂಡ್ ಪದಕ. ಪೇಪರಿನವರು ಬರೆಯುವುದು ಇಷ್ಟನ್ನೇ.

ನಾನು ಹೇಳಬೇಕಾದ್ದು ಇಲ್ಲಿಂದ ಮುಂದೆ. 2015ರ ನಂತರ ಕಿಲ್ಕೆನ್ನಿ ನಾಲ್ಕು ಸಲ ಫೈನಲ್‌ಗೆ ಹೋಯಿತು. 2016, 2019, 2022, 2023. ನಾಲ್ಕರಲ್ಲೂ ಸೋಲು. ಬರೀ ಕೌಂಟಿ ಲೆಕ್ಕ ಹಿಡಿದರೆ ಟಿ.ಜೆ. ಕಥೆ ಇಪ್ಪತ್ತೇಳಕ್ಕೆ ಮೇಲೇರಿ ಆಮೇಲೆ ಇಳಿದ ಕಥೆ. ಅದೇ ವರ್ಷಗಳಲ್ಲಿ ಅವನ ಊರು ಏನು ಮಾಡಿತು? 2019ರಲ್ಲಿ ಆಲ್-ಐರ್ಲೆಂಡ್, 2020ರಲ್ಲಿ ಆಲ್-ಐರ್ಲೆಂಡ್, 2023ರಲ್ಲಿ ಮತ್ತೆ. 2007, 2010, 2015ರದ್ದು ಸೇರಿಸಿದರೆ ಕ್ಲಬ್ ಜೊತೆ ಆರು. ಅವನ ಆಟದ ಬದುಕಿನ ಎರಡನೇ ಅರ್ಧವನ್ನು ಹೊತ್ತದ್ದು ಕೌಂಟಿಯಲ್ಲ, ಮೂರು ಹಳ್ಳಿ.

ಎಲ್ಲಕ್ಕಿಂತ 2022 ನೋಡಬೇಕು. ಕ್ಲಬ್ ಸೆಮಿಫೈನಲ್, ಎದುರಿಗೆ ಗಾಲ್ವೇಯ ಸೇಂಟ್ ಥಾಮಸಸ್. ಹೆಚ್ಚುವರಿ ನಿಮಿಷಗಳು ಓಡುತ್ತಿವೆ, ಬ್ಯಾಲಿಹೇಲ್ ಎರಡು ಪಾಯಿಂಟ್ ಹಿಂದೆ. ಫ್ರೀ ಸಿಕ್ಕಿತು, ಅಂದರೆ ಎದುರಿನವರ ತಪ್ಪಿಗೆ ಕೊಡುವ ಹೊಡೆತ. ಮೇಲಕ್ಕೆ ಹೊಡೆದರೆ ಒಂದೇ ಪಾಯಿಂಟ್, ಸಾಲದು. ಗೋಲೇ ಬೇಕು, ಅದು ಎಲ್ಲರಿಗೂ ಗೊತ್ತು, ಎದುರು ತಂಡ ಗೋಲಿನ ಬಾಯಿಗೆ ಅಡ್ಡ ನಿಂತಿದೆ. ಟಿ.ಜೆ. ಬಗ್ಗಿದ, ಚೆಂಡನ್ನು ಕೋಲಿನ ತುದಿಯಿಂದ ಮೇಲಕ್ಕೆತ್ತಿದ, ಹೊಡೆದ. ಬಲೆ ಅಲುಗಿತು. 2-16, 1-18. ಮೊದಲಿನದು ಗೋಲು, ಆಮೇಲಿನದು ಪಾಯಿಂಟ್. ಲೆಕ್ಕ ಹಾಕಿ, ಒಂದೇ ಪಾಯಿಂಟಿನ ಗೆಲುವು.

ಕೆಲವೇ ದಿನ ಬಿಟ್ಟು ಫೈನಲ್. ಡಬ್ಲಿನ್‌ನ ದೊಡ್ಡ ಸ್ಟೇಡಿಯಂ ಕ್ರೋಕ್ ಪಾರ್ಕ್, ಎದುರಿಗೆ ವಾಟರ್‌ಫರ್ಡ್‌ನ ಬ್ಯಾಲಿಗನ್ನರ್. ಕೋವಿಡ್‌ನಿಂದಾಗಿ 2021ರಲ್ಲಿ ಟೂರ್ನಿಯೇ ನಡೆಯಲಿಲ್ಲ, ಹಾಗಾಗಿ ಇದು ಗೆದ್ದರೆ ಸತತ ಮೂರು. ಈಗ ಮುಂದಿದ್ದದ್ದು ಬ್ಯಾಲಿಹೇಲ್, ಅದೇ ಎರಡು ಪಾಯಿಂಟ್. ಮತ್ತೆ ಹೆಚ್ಚುವರಿ ನಿಮಿಷಗಳು. ಬದಲಿ ಆಟಗಾರನಾಗಿ ಬಂದಿದ್ದ ಹ್ಯಾರಿ ರಡಲ್ ಎಂಬ ಹುಡುಗ ಗೋಲು ಹೊಡೆದ. 2-17, 1-19. ಸೆಮಿಫೈನಲ್‌ನಲ್ಲಿ ತಾನು ಕೊಟ್ಟದ್ದನ್ನೇ ಟಿ.ಜೆ. ಬಡ್ಡಿ ಸಮೇತ ವಾಪಸ್ ತಗೊಂಡ.

ಅವನಿಗಾಗ ಮೂವತ್ತನಾಲ್ಕು. ಮನೆಯಲ್ಲಿ ಪದಕಗಳಿಗೆ ಕೊರತೆಯಿಲ್ಲ. ಕಿಲ್ಕೆನ್ನಿಯಲ್ಲಿ ಜಿಮ್ ಇತ್ತು, ಹೊಟ್ಟೆಪಾಡಿಗೆ ಹರ್ಲಿಂಗ್ ಬೇಕಿರಲಿಲ್ಲ. ಆಡದಿದ್ದರೆ ಯಾರೂ ಕೇಳುವ ಹಾಗಿಲ್ಲ. ಆದರೂ ಮತ್ತೆ ಊರಿನ ಲೀಗು, ಕೌಂಟಿ ಚಾಂಪಿಯನ್‌ಶಿಪ್ಪು, ಲೆನ್‌ಸ್ಟರ್ ಪ್ರಾಂತ್ಯ ಅಂತ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ಹೋದ ವರ್ಷದ ಫೈನಲಿಸ್ಟ್ ಅಂತ ಯಾರೂ ನೇರ ಪ್ರವೇಶ ಕೊಡುವುದಿಲ್ಲ. ಹತ್ತಿದರು. ಅದೇ ಡಿಸೆಂಬರ್‌ನ ಸೆಮಿಫೈನಲ್‌ನಲ್ಲಿ ಸಿಕ್ಕವರು ಯಾರು? ಅದೇ ಬ್ಯಾಲಿಗನ್ನರ್. ಸೋಲಿಸಿದರು. 2023ರ ಜನವರಿ 22ಕ್ಕೆ ಆಂಟ್ರಿಮ್‌ನ ಡನ್‌ಲಾಯ್ ವಿರುದ್ಧ ಫೈನಲ್ ಗೆದ್ದರು, 1-22, 1-15. ಹತ್ತೊಂಬತ್ತಕ್ಕೆ ಶುರುವಾದದ್ದು ಮೂವತ್ತೈದರಲ್ಲೂ ಅದೇ ಜೆರ್ಸಿಯಲ್ಲಿ.

ಇದು ಕೆರಿಯರ್ ಅಲ್ವಾ? ಸಂಬಳದ ಚೀಟಿ ಇದ್ದರೆ ಮಾತ್ರ ಕೆರಿಯರ್ರಾ?

ಕಿಲ್ಕೆನ್ನಿಯಲ್ಲಿ ಇನ್ನೊಂದು ಪದ್ಧತಿ ಇದೆ, ನನಗೆ ಬಹಳ ಇಷ್ಟ. ಕೌಂಟಿ ಚಾಂಪಿಯನ್ ಆದ ಕ್ಲಬ್ಬಿನವರೇ ಮುಂದಿನ ವರ್ಷ ಕೌಂಟಿ ತಂಡದ ಕ್ಯಾಪ್ಟನ್ ಯಾರು ಅಂತ ಹೇಳುತ್ತಾರೆ. 82 ಸಾವಿರ ಜನರ ಮುಂದೆ ತಂಡವನ್ನು ಮೈದಾನಕ್ಕೆ ಕರೆದುಕೊಂಡು ಬರುವವನು ಯಾರು ಅನ್ನುವುದು ಹಳ್ಳಿಯ ತೀರ್ಮಾನ. ಟಿ.ಜೆ.ಗೂ ಆ ಕ್ಯಾಪ್ಟನ್ ಪಟ್ಟ ಊರಿನಿಂದಲೇ ಬಂದದ್ದು.

ಎಲ್ಲ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ದೊಡ್ಡ ಪಂದ್ಯಗಳ ಟಿಕೆಟ್ ದುಡ್ಡು, ಟಿವಿ ದುಡ್ಡು ಎಲ್ಲ ಇದೆ, ಆಡುವವನ ಕೈಗೆ ಸಂಬಳ ಇಲ್ಲ. ಕೌಂಟಿ ಆಟಗಾರರಿಗೆ ಓಡಾಟದ ಖರ್ಚು, ಸರ್ಕಾರದ ಒಂದಿಷ್ಟು ಅನುದಾನ, ಹೆಸರಿದ್ದವರಿಗೆ ಜಾಹೀರಾತು. ಬರೀ ಕ್ಲಬ್‌ಗೆ ಆಡುವವನಿಗೆ ಅದೂ ಇಲ್ಲ. ದುಡ್ಡಿಗಿಂತ ಜಾಸ್ತಿ ಅವರನ್ನು ಗೋಳು ಹೊಯ್ದುಕೊಂಡದ್ದು ಕ್ಯಾಲೆಂಡರ್. ಕೌಂಟಿ ಪಂದ್ಯಗಳು ಮುಗಿಯುವವರೆಗೂ ಕ್ಲಬ್ ಪಂದ್ಯ ಯಾವಾಗ ಅಂತ ಗೊತ್ತಾಗುತ್ತಿರಲಿಲ್ಲ. ಮದುವೆ ದಿನ ಗೊತ್ತು ಮಾಡುವ ಹಾಗಿಲ್ಲ, ರಜೆಗೆ ಟಿಕೆಟ್ ಬುಕ್ ಮಾಡುವ ಹಾಗಿಲ್ಲ. ಆಟಗಾರರು ರೋಸಿಹೋಗಿ 2017ರಲ್ಲಿ ಕ್ಲಬ್ ಪ್ಲೇಯರ್ಸ್ ಅಸೋಸಿಯೇಷನ್ ಕಟ್ಟಿದರು. ವರ್ಷವನ್ನು ಎರಡು ಭಾಗ ಮಾಡಿ, ಮೊದಲು ಕೌಂಟಿ ಆಮೇಲೆ ಕ್ಲಬ್ ಅಂತ ಒಪ್ಪಿದ ಮೇಲೆ 2021ರಲ್ಲಿ ಸಂಘವನ್ನೇ ಮುಚ್ಚಿದರು. ಕೇಳಿದ್ದು ಸಿಕ್ಕಿತು, ಅಂಗಡಿ ಬಾಗಿಲು ಹಾಕಿದರು. ಸಂಘ ಅಂದರೆ ಹೀಗಿರಬೇಕು ನೋಡಿ.

ಟಿ.ಜೆ.ಗೆ ಮೊದಲು ಇದೇ ಊರಲ್ಲಿ ಹೆನ್ರಿ ಶೆಫ್ಲಿನ್ ಇದ್ದ. ಕೌಂಟಿ ಜೊತೆ ಹತ್ತು ಆಲ್-ಐರ್ಲೆಂಡ್. 2015ರ ಮಾರ್ಚ್ 17ಕ್ಕೆ ಕ್ಲಬ್ ಜೊತೆ ಫೈನಲ್ ಗೆದ್ದ, ಮುಂದಿನ ವಾರ ಕೌಂಟಿಗೆ ವಿದಾಯ ಹೇಳಿದ. 2019, 2020ರಲ್ಲಿ ಬ್ಯಾಲಿಹೇಲ್ ಗೆದ್ದಾಗ ಗೆರೆಯ ಹೊರಗೆ ಮ್ಯಾನೇಜರ್ ಆಗಿ ನಿಂತಿದ್ದವನು ಅವನೇ.

ನನ್ನ ಸಹೋದ್ಯೋಗಿ ಬ್ಯಾಲಿಹೇಲ್‌ನವನಲ್ಲ. ಅವರ ಹೆಸರು ಕೇಳಿದರೇ ಉರಿದುಬೀಳುತ್ತಾನೆ, ಅಷ್ಟು ಸಲ ಅವರ ಕೈಲಿ ಸೋತಿದ್ದಾರೆ ಇವನ ಕ್ಲಬ್ಬಿನವರು. ತನ್ನ ಕ್ಲಬ್ಬಿನ ಕೆಳಗಿನ ದರ್ಜೆಯ ತಂಡದಲ್ಲಿ ಆಡುತ್ತಾನೆ, ಅರ್ಧ ಸೀಸನ್ ಬೆಂಚಲ್ಲೇ. ಆದರೂ ವಾರಕ್ಕೆರಡು ಸಂಜೆ ಡಬ್ಲಿನ್‌ನಿಂದ ಒಂದೂವರೆ ಗಂಟೆ ಕಾರು ಓಡಿಸಿಕೊಂಡು ಪ್ರಾಕ್ಟೀಸಿಗೆ ಹೋಗಿ, ರಾತ್ರಿ ವಾಪಸ್ ಬಂದು, ಬೆಳಿಗ್ಗೆ ಒಂಬತ್ತಕ್ಕೆ ಮೀಟಿಂಗಿನಲ್ಲಿ ಆಕಳಿಸುತ್ತಾನೆ.

ಹೋದ ವಾರ ಊಟದ ಹೊತ್ತಲ್ಲಿ ಅವನನ್ನು ಕೇಳಿದೆ, ಈ ಟಿ.ಜೆ. ರೀಡ್ ಯಾವಾಗ ರಿಟೈರ್ ಆಗ್ತಾನೆ ಅಂತ.

ಅವನು ಸ್ಯಾಂಡ್‌ವಿಚ್ ಕೆಳಗಿಟ್ಟು ಕೇಳಿದ, "ಯಾವ ತಂಡದಿಂದ?"