ಬಡವರ ಮಕ್ಕಳಿಗೆ ಉಳಿತಾಯದ ದೀಕ್ಷೆ

ರಿಸರ್ವ್ ಬ್ಯಾಂಕು ಪ್ರತಿ ವರ್ಷ ನಡೆಸುವ ಆರ್ಥಿಕ ಸಾಕ್ಷರತಾ ಸಪ್ತಾಹವು ಇತ್ತೀಚಿನ ವರ್ಷಗಳಲ್ಲಿ ಫೆಬ್ರುವರಿಯಲ್ಲಿ ಬರುತ್ತದೆ. ರಾಯಚೂರು ಜಿಲ್ಲೆಯ ನಮ್ಮ ದೇವದುರ್ಗ ಸೀಮೆಯಲ್ಲಿ ಮೆಣಸಿನಕಾಯಿ ಬಿಡಿಸುವ ಕೆಲಸವೂ ಅದೇ ಹೊತ್ತಿಗೆ ಬರುತ್ತದೆ. ಹೀಗಾಗಿ, ಇಲ್ಲಿನ ಸರ್ಕಾರಿ ಪ್ರೌಢಶಾಲೆಯೊಂದರ ಒಂಬತ್ತನೆಯ ತರಗತಿಗೆ ಹಣ ನಿರ್ವಹಣೆಯನ್ನು ಕಲಿಸಲು ರಾಜಧಾನಿಯಿಂದ ಬಂದ ತರಬೇತುದಾರರು, ಹಣ ದುಡಿಯಲು ಹೋಗದೆ ಉಳಿದ ಮಕ್ಕಳಿಗೆ ಮಾತ್ರ ಪಾಠ ಮಾಡಬೇಕಾಯಿತು. ಶಾಲಾಭಿವೃದ್ಧಿ ಸಮಿತಿಯ ಸದಸ್ಯನೆಂಬ ನೆಪದಲ್ಲಿ ಹಿಂದಿನ ಬೆಂಚಿನಲ್ಲಿ ನನಗೂ ಒಂದು ಜಾಗ ಸಿಕ್ಕಿತ್ತು.

ತರಬೇತುದಾರರು ಸಜ್ಜನರು, ಮಾತು ಬಲ್ಲವರು. ಬಡತನಕ್ಕೆ ಮೂಲ ಕಾರಣ ಯೋಜನೆಯಿಲ್ಲದ ಖರ್ಚು ಎಂದು ಅವರು ಮೊದಲಿಗೇ ಘೋಷಿಸಿದರು. ಆದಾಯದಲ್ಲಿ ನೂರಕ್ಕೆ 50 ಅಗತ್ಯಗಳಿಗೆ, 30 ಬಯಕೆಗಳಿಗೆ, 20 ಉಳಿತಾಯಕ್ಕೆ ಎಂಬ ಜಗತ್ಪ್ರಸಿದ್ಧ ಸೂತ್ರವನ್ನು ಹಲಗೆಯ ಮೇಲೆ ಬರೆದು, "ನಿಮ್ಮ ಮನೆಗೆ ಒಂದನೇ ತಾರೀಖು ಸಂಬಳ ಬರುತ್ತದೆ ಎಂದಿಟ್ಟುಕೊಳ್ಳಿ" ಎಂದರು. ಮಕ್ಕಳು ವಿಧೇಯರು, ಇಟ್ಟುಕೊಂಡರು. ಆದರೆ ಈ ಸೀಮೆಯಿಂದ ಬೆಂಗಳೂರಿಗೆ ಗುಳೆ ಹೋಗುವ ಮನೆಗಳಲ್ಲಿ ಆದಾಯವು ಮೊದಲು ಬಂದು ದುಡಿಮೆಯು ಆಮೇಲೆ ಬರುತ್ತದೆ. ಮೇಸ್ತ್ರಿಯಿಂದ ಪಡೆದ ಮುಂಗಡವು ಅಕ್ಕನ ಮದುವೆಗೋ, ಅಜ್ಜನ ಆಸ್ಪತ್ರೆಗೋ, ಒಣಗಿದ ಹತ್ತಿಯ ಸಾಲಕ್ಕೋ ಕರಗಿದ ಬಳಿಕ, ಅದನ್ನು ತೀರಿಸಲು ತಂದೆತಾಯಿಗಳು ಗಂಟುಮೂಟೆ ಕಟ್ಟಿ ಬಸ್ಸು ಹತ್ತುತ್ತಾರೆ. ಖರ್ಚಾಗಿ ಹೋದ ಮೇಲೆ ಗಳಿಸಬೇಕಾದ ಹಣದಲ್ಲಿ ಬಯಕೆಗೆಂದು 30 ಭಾಗವನ್ನು ಯಾವ ಕಡೆಯಿಂದ ಕತ್ತರಿಸಿ ತೆಗೆಯಬೇಕು ಎಂಬುದನ್ನು ಆ ಸೂತ್ರ ಹೇಳುವುದಿಲ್ಲ. ತಿಂಗಳಿಗೊಮ್ಮೆ ಬರುವ ಹಣವೇ ಬೇಕೆಂದರೆ ಗೃಹಲಕ್ಷ್ಮಿಯ 2,000 ರೂಪಾಯಿ ಇದೆ. ಅದು ಯಾವ ತಾರೀಖಿಗೆ ಬರುತ್ತದೆ ಎಂಬುದನ್ನು ಮಾತ್ರ ಯಾವ ಪಂಚಾಂಗವೂ ಹೇಳದು.

ಮುಂದಿನದು ಚಕ್ರಬಡ್ಡಿಯ ಮಹಿಮೆ. 72ನ್ನು ಬಡ್ಡಿಯ ದರದಿಂದ ಭಾಗಿಸಿದರೆ ಹಣ ಎಷ್ಟು ಕಾಲದಲ್ಲಿ ಇಮ್ಮಡಿಯಾಗುತ್ತದೆ ಎಂಬುದು ತಿಳಿಯುತ್ತದೆ, ವರ್ಷಕ್ಕೆ ಶೇ 12 ಸಿಕ್ಕರೆ ಆರೇ ವರ್ಷ ಎಂದು ಅವರು ಉತ್ಸಾಹದಿಂದ ವಿವರಿಸಿದರು. ಮೂರನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಇದ ಲೆಕ್ಕ ಸಾಲಕ್ಕೂ ಹಚ್ಚಬಹುದೇನ್ರಿ?" ಹಚ್ಚಬಹುದು ಎಂದು ತರಬೇತುದಾರರು ಮೆಚ್ಚುಗೆಯಿಂದ ತಲೆಯಾಡಿಸಿದರು. ತಿಂಗಳಿಗೆ ನೂರಕ್ಕೆ ಐದರ ಬಡ್ಡಿ ಕಟ್ಟದೆ ಬೆಳೆಯಲು ಬಿಟ್ಟರೆ 14 ತಿಂಗಳು ಚಿಲ್ಲರೆಯಲ್ಲಿ ಸಾಲ ಇಮ್ಮಡಿಯಾಗುತ್ತದೆ ಎಂದು ಅವಳು ಬಾಯಿಲೆಕ್ಕದಲ್ಲೇ ಹೇಳಿ ಕುಳಿತಳು. ಸೂತ್ರದಲ್ಲಿ ದೋಷವೇನೂ ಇಲ್ಲ. ಅದು ನಮ್ಮೂರಿನಲ್ಲಿ ತಲೆಮಾರುಗಳಿಂದ ಚೊಕ್ಕವಾಗಿ ಕೆಲಸ ಮಾಡುತ್ತಿದೆ, ಎದುರು ಪಕ್ಷದ ಪರವಾಗಿ. ಸಾಲ ಮಾಡುವುದು ಕೆಟ್ಟ ಅಭ್ಯಾಸ ಎಂದು ಅವರು ಮುಂದುವರಿಸಿದರು. ಕಂತು ವಸೂಲಿಯ ಕಿರುಕುಳವನ್ನು ತಡೆಯಲು ರಾಜ್ಯ ಸರ್ಕಾರವು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತಂದು, 10 ವರ್ಷಗಳವರೆಗಿನ ಸೆರೆವಾಸ ಮತ್ತು 5 ಲಕ್ಷ ರೂಪಾಯಿವರೆಗಿನ ದಂಡವನ್ನು ವಿಧಿಸಿದ್ದು ಅವರ ಟಿಪ್ಪಣಿಯಲ್ಲಿ ಇರಲಿಲ್ಲ. ಅಭ್ಯಾಸ ಕೆಟ್ಟದ್ದಿರುವುದು ಸಾಲಗಾರನದು ಮಾತ್ರ ಎಂದು ಟಿಪ್ಪಣಿ ಬರೆದವರು ತಿಳಿದಂತಿತ್ತು.

ಚಿನ್ನದಲ್ಲಿ ಹೂಡಿಕೆ ಎಂಬ ಅಧ್ಯಾಯವೂ ಬಂದುಹೋಯಿತು. ಹಟ್ಟಿಯ ಚಿನ್ನದ ಗಣಿ ಇರುವ ಜಿಲ್ಲೆಯಲ್ಲಿ, ತಾಯಂದಿರ ಬೆಂಡೋಲೆಗಳು ಗಿರವಿ ಅಂಗಡಿಯಲ್ಲಿರುವ ಮಕ್ಕಳಿಗೆ, ಕಣ್ಣಿಗೆ ಕಾಣದ ಡಿಜಿಟಲ್ ಚಿನ್ನವನ್ನು ವಿವರಿಸುವುದು ಕಷ್ಟವೇನಾಗಲಿಲ್ಲ. ಚಿನ್ನ ಕಣ್ಣಿಗೆ ಕಾಣದಿರುವುದು ಅವರಿಗೆ ರೂಢಿಯೇ ಆಗಿತ್ತು.

ಎಲ್ಲಕ್ಕಿಂತ ಗಂಭೀರವಾಗಿ ನಡೆದದ್ದು ಒಟಿಪಿಯ ಪಾಠ. ಹೆತ್ತ ತಾಯಿಗೂ ಒಟಿಪಿ ಹೇಳಬಾರದು ಎಂದು ಮಕ್ಕಳಿಂದ ಕೈ ಮುಂದೆ ಚಾಚಿಸಿ ಪ್ರತಿಜ್ಞೆ ಮಾಡಿಸಲಾಯಿತು. ಉಪದೇಶ ಸರಿಯಾದದ್ದೇ, ಅನುಮಾನವಿಲ್ಲ. ಆದರೆ ವಿದ್ಯಾರ್ಥಿವೇತನದ ಅರ್ಜಿಗೆ ಬೇಕಾದ ಆಧಾರ್ ಒಟಿಪಿ ಬರುವುದು ತಂದೆಯ ಮೊಬೈಲಿಗೆ. ಮೊಬೈಲು ತಂದೆಯೊಡನೆ ಬೆಂಗಳೂರಿಗೆ ಗುಳೆ ಹೋಗಿದೆ. ಹುಡುಗ ಗ್ರಾಮ ಒನ್ ಕೇಂದ್ರದಲ್ಲಿ ಸರದಿ ನಿಂತು ಕರೆ ಮಾಡುತ್ತಾನೆ, ಮೂರನೆಯ ಮಹಡಿಯಲ್ಲಿ ಸಿಮೆಂಟು ಬಾಂಡಲಿ ಹೊತ್ತ ತಂದೆ ಕೆಳಗಿಳಿದು, ತನಗೆ ಓದು ಬಾರದ ಕಾರಣ ಮೇಸ್ತ್ರಿಯ ಕೈಗೆ ಮೊಬೈಲು ಕೊಡುತ್ತಾನೆ, ಮೇಸ್ತ್ರಿ ಕಾಂಕ್ರೀಟ್ ಯಂತ್ರದ ಸದ್ದಿಗಿಂತ ಎತ್ತರದ ದನಿಯಲ್ಲಿ ಆರು ಅಂಕಿಗಳನ್ನು ಕೂಗುತ್ತಾನೆ, ಹುಡುಗ ಅದನ್ನು ಕೇಂದ್ರದವನಿಗೆ ಕೂಗಿ ಹೇಳುತ್ತಾನೆ, ಅಷ್ಟರಲ್ಲಿ ಒಟಿಪಿಯ ಆಯುಷ್ಯ ಮುಗಿದಿರುತ್ತದೆ. ಎರಡು ಜಿಲ್ಲೆಗಳಿಗೆ ಕೇಳಿಸಿದ ಗುಟ್ಟನ್ನು ಗುಟ್ಟಾಗಿಡುವುದಾಗಿ ಆ ಹುಡುಗನೂ ಪ್ರತಿಜ್ಞೆ ಮಾಡಿದ.

ವರ್ಷಕ್ಕೆ 20 ರೂಪಾಯಿ ಕಟ್ಟಿದರೆ 2 ಲಕ್ಷ ರೂಪಾಯಿಯ ಅಪಘಾತ ವಿಮೆ ದೊರೆಯುವ ಸುರಕ್ಷಾ ಬಿಮಾ ಯೋಜನೆಯ ಮಾತು ಎರಡು ನಿಮಿಷದಲ್ಲಿ ಮುಗಿಯಿತು, ಏಕೆಂದರೆ ಅಷ್ಟರಲ್ಲಿ ಮಂಡಕ್ಕಿ, ಮಿರ್ಚಿ ಬಂದವು. ಕಟ್ಟಡದ ಸಾರುವೆಯ ಮೇಲೆ ನಿಂತು ದುಡಿಯುವವರ ಮನೆಗಳಿಗೆ ಅಂದಿನ ಇಡೀ ದಿನದಲ್ಲಿ ಕೆಲಸಕ್ಕೆ ಬರುವ ಮಾತು ಅದೊಂದೇ ಇತ್ತು ಎಂದು ನನ್ನ ಅನಿಸಿಕೆ. ಮಿರ್ಚಿಯೂ ಬಿಸಿಯಾಗಿತ್ತು, ತಪ್ಪು ಹೇಳಬಾರದು.

ಕೊನೆಗೆ ಎಲ್ಲರಿಗೂ ಒಂದು ಹಾಳೆ ಹಂಚಿ, ಮನೆಯ ಆಯವ್ಯಯವನ್ನು ಬರೆಯಲು ಹೇಳಿದರು. "ನಿಮಗೆ ಬರಬೇಕಾದ ಬಾಕಿ" ಎಂಬ ಅಂಕಣವೂ ಅದರಲ್ಲಿತ್ತು. ಮೂರನೆಯ ಸಾಲಿನ ಅದೇ ಹುಡುಗಿ ಬಹಳ ಹೊತ್ತು ಬರೆದಳು. ಅವಳ ತಾಯಿ 2025-26ನೇ ಸಾಲಿನಲ್ಲಿ ಉದ್ಯೋಗ ಖಾತರಿಯಡಿ ಆರು ದಿನ ಕೆರೆಯ ಹೂಳು ಎತ್ತಿದ್ದಳು. ದಿನಕ್ಕೆ 370ರಂತೆ 2,220 ರೂಪಾಯಿ. ಹಾಜರಿಪಟ್ಟಿ ಮುಗಿದ 15 ದಿನಗಳೊಳಗೆ ಕೂಲಿ ಕೊಡಬೇಕು, ತಡವಾದರೆ ದಿನವೊಂದಕ್ಕೆ ಶೇ 0.05ರಂತೆ ಪರಿಹಾರ ಸೇರಿಸಬೇಕು ಎಂದು 2005ರ ಕಾಯ್ದೆಯಡಿಯ ನಿಯಮ ಹೇಳುತ್ತಿತ್ತು. ಕೂಲಿ ಬಂದದ್ದು ಗಡುವು ಮೀರಿ 30 ದಿನಗಳ ಮೇಲೆ. ಆ ತಿಂಗಳು ಒಲೆ ಉರಿಯಲೆಂದು ತಾಯಿ ನೂರಕ್ಕೆ ಐದರ ಬಡ್ಡಿಗೆ ತಂದ 2,000 ರೂಪಾಯಿಗೆ 100 ರೂಪಾಯಿ ಬಡ್ಡಿ ಕಟ್ಟಿದ್ದನ್ನು ಹುಡುಗಿ ವೆಚ್ಚದ ಅಂಕಣದಲ್ಲಿ ಬರೆದಳು. ಬಾಕಿಯ ಅಂಕಣದಲ್ಲಿ, ಇನ್ನೂ ಬಾರದ ಪರಿಹಾರವನ್ನು ಗುಣಿಸಿ, "ಸರ್ಕಾರದಿಂದ: 33 ರೂ. 30 ಪೈಸೆ" ಎಂದು ಬರೆದು ಅಡಿಗೆರೆ ಎಳೆದಳು.

ತರಬೇತುದಾರರು ಹಾಳೆಯನ್ನು ಎರಡು ಸಲ ಓದಿದರು. ಗುಣಾಕಾರವನ್ನು ಮೊಬೈಲಿನಲ್ಲಿ ಪರೀಕ್ಷಿಸಿ, ಸರಿಯಿದೆ ಎಂದು ಖಚಿತಪಡಿಸಿಕೊಂಡರು. ಆಮೇಲೆ ಕೆಂಪು ಪೆನ್ನು ತೆಗೆದು 30 ಪೈಸೆಯ ಸುತ್ತ ಒಂದು ಸುತ್ತು ಹಾಕಿ, ಆಯವ್ಯಯದಲ್ಲಿ ಪೈಸೆಗಳನ್ನು ಬರೆಯುವ ಪದ್ಧತಿ ಈಗ ಇಲ್ಲ ಎಂದು ತಿಳಿಸಿಕೊಟ್ಟರು.