ಜನಗಣತಿಗೆ ಸಿಗದ ಒಂದು ಕೋಟಿ ಗಿರಾಕಿಗಳು

ಆನ್‌ಲೈನ್ ಜಾಹೀರಾತಿಗೆ ಹೊಸ ಪ್ಲಾನಿಂಗ್ ಟೂಲ್, ಅಂದರೆ ಇಷ್ಟು ದುಡ್ಡು ಹಾಕಿದರೆ ಇಷ್ಟು ಮಂದಿಗೆ ತಲುಪುತ್ತದೆ (ಅವರ ಭಾಷೆಯಲ್ಲಿ ‘ರೀಚ್’) ಅಂತ ಲೆಕ್ಕ ಹೇಳುವ ಸಾಫ್ಟ್‌ವೇರ್, ಬಂದರೆ ಅದನ್ನು ಪರೀಕ್ಷೆ ಮಾಡುವುದು ಬಹಳ ಸುಲಭ. ನೀನು ಹೇಳುವ ಲೆಕ್ಕ ಸರಿಯಾ ಅಂತ ಟೂಲನ್ನೇ ಕೇಳಬೇಕು. ಸರಿ ಅನ್ನುತ್ತದೆ. ಕಾಫಿ, ಬಿಸ್ಕತ್ತು, ಸಹಿ.

ನಂಬದವರು 2017ರ ಅಮೆರಿಕದ ಕಥೆ ಕೇಳಿ. ಅಲ್ಲಿನ 18ರಿಂದ 24 ವಯಸ್ಸಿನ 4.1 ಕೋಟಿ ಮಂದಿಗೆ ಜಾಹೀರಾತು ತಲುಪಿಸಬಹುದು ಅಂತ ಫೇಸ್‌ಬುಕ್‌ನ ಟೂಲ್ ತೋರಿಸುತ್ತಿತ್ತು. ಬ್ರಯನ್ ವೀಸರ್ ಎಂಬ ವಿಶ್ಲೇಷಕರು ಸುಮ್ನಿರದೆ ಜನಗಣತಿಯ ಲೆಕ್ಕ ತೆಗೆದು ನೋಡಿದರು. ಇಡೀ ದೇಶದಲ್ಲಿ ಆ ವಯಸ್ಸಿನವರು ಇದ್ದದ್ದೇ ಸುಮಾರು 3.1 ಕೋಟಿ! ಮಿಕ್ಕ ಒಂದು ಕೋಟಿ ಮಂದಿಗೆ ಅಪ್ಪ ಅಮ್ಮ ಇಲ್ಲ, ಊರಿಲ್ಲ, ಹಸಿವಿಲ್ಲ. ಶೂ ಕೊಳ್ಳುವ ಆಸೆ ಮಾತ್ರ ಜಾಸ್ತಿ. ನಮ್ಮ ಅಂದಾಜು ಜನಗಣತಿಗೆ ಹೊಂದಲಿ ಅಂತ ಮಾಡಿದ್ದಲ್ಲ ಎಂದಿತು ಕಂಪನಿ. ನಿಜ ಬಿಡಿ. ಜನಗಣತಿಯವರು ಹುಟ್ಟಿದವರನ್ನು ಮಾತ್ರ ಎಣಿಸುತ್ತಾರೆ, ಪಾಪ.

ಅದಕ್ಕೂ ಹಿಂದಿನ ವರ್ಷ ಇದೇ ಕಂಪನಿ ಇನ್ನೊಂದನ್ನು ಒಪ್ಪಿಕೊಂಡಿತ್ತು. ಜನ ಒಂದು ವಿಡಿಯೋವನ್ನು ಸರಾಸರಿ ಎಷ್ಟು ಹೊತ್ತು ನೋಡುತ್ತಾರೆ ಅನ್ನುವ ಲೆಕ್ಕದಲ್ಲಿ ಮೂರು ಸೆಕೆಂಡಿಗಿಂತ ಕಡಿಮೆ ನೋಡಿದವರನ್ನು ಬಿಟ್ಟಿದ್ದರಂತೆ. ಫೇಲಾದವರನ್ನು ಹೊರಗಿಟ್ಟು ಶಾಲೆಯ ರಿಸಲ್ಟ್ ಹೇಳಿದ ಹಾಗೆ.

ನಮ್ಮಲ್ಲಿ ವೀಸರ್ ಹುಟ್ಟಿದರೂ ಕೆಲಸ ಕಷ್ಟ. 2021ರ ಜನಗಣತಿ ಮುಂದಕ್ಕೆ ಹೋಗಿದ್ದರಿಂದ 2011ರ ಅಂಕಿಯನ್ನೇ ಉಜ್ಜುತ್ತಾ ಬಂದಿದ್ದೇವೆ. ದಾವಣಗೆರೆಯಲ್ಲಿ ಜಿಮ್‌ಗೆ ಹೋಗುವ, ಸಾಲ ಬೇಕಾದ, ನಾಯಿ ಸಾಕಿದ ಯುವಕರು ಎಷ್ಟು ಅಂತ ಟೂಲ್ ಏನೇ ಹೇಳಲಿ, ಅಲ್ಲ ಅನ್ನಲು ಯಾರ ಹತ್ತಿರ ಏನಿದೆ?

ಇನ್ನು ಜಾಹೀರಾತು ಕಣ್ಣಿಗೆ ಬಿತ್ತು ಅನ್ನಲು ಈ ಉದ್ಯಮ ಒಪ್ಪಿಕೊಂಡ ಅಳತೆ ಒಂದಿದೆ. ಜಾಹೀರಾತಿನ ಅರ್ಧ ಭಾಗ ಪರದೆಯ ಮೇಲೆ ಒಂದು ಸೆಕೆಂಡ್ ಇದ್ದರೆ ಸಾಕು. ವಿಡಿಯೋಗೆ ಎರಡು ಸೆಕೆಂಡ್. ರೇಷ್ಮೆ ಸೀರೆಯ ಜಾಹೀರಾತಿನಲ್ಲಿ ಸೆರಗು ಕಂಡಿತು, ಅಂಚು ಕಾಣುವಷ್ಟರಲ್ಲಿ ಹೆಬ್ಬೆರಳು ಮುಂದಕ್ಕೆ ತಳ್ಳಿತು. ಲೆಕ್ಕಕ್ಕೆ ಸೇರಿತು. ಫೋನ್ ಕಟ್ಟೆಯ ಮೇಲಿಟ್ಟು ಕುಕ್ಕರ್ ಇಳಿಸಲು ಹೋಗಿದ್ದೀರಾ? ಅದೂ ಸೇರಿತು.

ಇಂಥ ಟೂಲ್‌ಗಳ ಡೆಮೊದಲ್ಲಿ ನನಗೆ ತುಂಬಾ ಇಷ್ಟವಾಗುವುದು ಬಜೆಟ್ಟಿನ ಬಟನ್. ಬಲಕ್ಕೆ ಎಳೆದರೆ ಗೆರೆ ಹಸಿರಾಗಿ ಮೇಲೇರುತ್ತದೆ. ಎಡಕ್ಕೆ ಎಳೆದರೆ ಎಷ್ಟು ಗಿರಾಕಿಗಳು ಕೈತಪ್ಪುತ್ತಾರೆ ಅಂತ ಕೆಂಪು ಅಕ್ಷರದಲ್ಲಿ ಬೆದರಿಕೆ. ಇಷ್ಟು ಖರ್ಚು ಬೇಡ, ದುಡ್ಡು ಉಳಿಸಿ ಅನ್ನುವ ಟೂಲನ್ನು ನಾನಂತೂ ನೋಡಿಲ್ಲ. ಜಾಗ ಮಾರುವವರೂ ಅವರೇ, ಜನ ಎಣಿಸುವವರೂ ಅವರೇ ಆದಾಗ ಯಾಕೆ ಹೇಳುತ್ತದೆ ಅಲ್ವಾ?

ತಿಂಗಳ ಕೊನೆಗೆ ಶೇಕಡಾ 18 ಜಿಎಸ್‌ಟಿ ಸೇರಿಸಿ ಬಿಲ್ ಬರುತ್ತದೆ. ವ್ಯಾಪಾರ ಯಾಕೆ ಏರಲಿಲ್ಲ ಅಂತ ಸೀರೆ ಅಂಗಡಿಯ ಯಜಮಾನರು ಕೇಳುತ್ತಾರೆ. ಏಜೆನ್ಸಿಯ ಹುಡುಗ ಲ್ಯಾಪ್‌ಟಾಪ್ ತಿರುಗಿಸಿ ತೋರಿಸುತ್ತಾನೆ:

"ರೀಚ್ ಸೂಪರ್ ಇದೆ ಸರ್. ನಿಮ್ಮ ಗಿರಾಕಿಗಳೇ ಸ್ವಲ್ಪ ಸ್ಲೋ."