ಅಕ್ಕಾ, ಸ್ವಲ್ಪ ಕರೆಂಟ್ ಕೊಡಿ

ಬೆಂಗಳೂರಿನಲ್ಲಿ ಸೈಟ್ ಕೊಳ್ಳುವವರು ಈಶಾನ್ಯ ಮೂಲೆ ನೋಡುತ್ತಾರೆ, ಖಾತಾ ನೋಡುತ್ತಾರೆ, ಕಾವೇರಿ ನೀರು ಬರುತ್ತಾ ಅಂತ ವಿಚಾರಿಸುತ್ತಾರೆ. ಪಕ್ಕದ ಮನೆಯ ಕಿಟಕಿ ಯಾವ ಕಡೆಗಿದೆ ಅಂತ ಮಾತ್ರ ಯಾರೂ ನೋಡುವುದಿಲ್ಲ. ಮನೆ ಏಳುವುದು ಆ ಕಿಟಕಿಯ ದಯೆಯಿಂದಲೇ.

ನಿಯಮ ಏನೋ ಚೆನ್ನಾಗಿದೆ. ಕೆಲಸ ಶುರು ಮಾಡುವ ಮುಂಚೆ ಕರೆಂಟಿಗೆ ಅರ್ಜಿ ಹಾಕಬೇಕು, ಡೆಪಾಸಿಟ್ ಕಟ್ಟಬೇಕು, ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಹತ್ತಿರ ಸಹಿ ಹಾಕಿಸಬೇಕು, ಟೆಂಪರರಿ ಮೀಟರ್ ಕೂರಿಸಬೇಕು. ಆದರೆ ಪಾಯಕ್ಕೆ ಮುಹೂರ್ತ ಇಟ್ಟುಕೊಟ್ಟ ಪುರೋಹಿತರಿಗೆ ಮೀಟರ್ ವಿಷಯ ಯಾರೂ ಹೇಳಿರುವುದಿಲ್ಲ. ಗುದ್ದಲಿ ಪೂಜೆ ಆಯಿತು, ಹುಡುಗರು ಬಂದರು, ಕಂಬಿ ಬಂತು, ಕಟಿಂಗ್ ಮೆಷಿನ್ ಬಂತು. ಕರೆಂಟ್ ಎಲ್ಲಿ? ಮೇಸ್ತ್ರಿ ಕಾಂಪೌಂಡ್ ಮೇಲಿಂದ ಕೂಗುತ್ತಾನೆ: "ಅಕ್ಕಾ, ಸ್ವಲ್ಪ ಕರೆಂಟ್ ಕೊಡಿ. ಐದೇ ನಿಮಿಷ."

ಆ ಐದು ನಿಮಿಷ ಮೊದಲನೇ ಮೋಲ್ಡ್ ಹಾಕುವ ತನಕ ನಡೆಯುತ್ತದೆ.

ಪಾಪ, ಅಕ್ಕ ಕಾಫಿಪುಡಿ ಕೊಟ್ಟ ಹಾಗೆ ಕೊಟ್ಟುಬಿಡುತ್ತಾರೆ. 2023ರಿಂದ ಅವರಿಗೆ ಗೃಹಜ್ಯೋತಿ ಇದೆ, ಬಿಲ್ ಸೊನ್ನೆ. ತಿಂಗಳಿಗೆ 110 ಯೂನಿಟ್ ಫ್ರೀ ಅಂದುಕೊಳ್ಳಿ. ಈಗ ಕಾಂಕ್ರೀಟ್ ಒಡೆಯುವ 1,500 ವ್ಯಾಟಿನ ಬ್ರೇಕರ್ ಬಂತು. ದಿನಕ್ಕೆ ನಾಲ್ಕು ಗಂಟೆ ಓಡಿದರೆ ಆರು ಯೂನಿಟ್, 25 ದಿನಕ್ಕೆ 150. ಒಟ್ಟು 260. ಯೋಜನೆಯ ಲೆಕ್ಕದಲ್ಲಿ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅಕ್ಕನ ಮನೆಯ ಜ್ಯೋತಿ ಪಕ್ಕದ ಗೃಹಕ್ಕೆ ಹೋಯಿತು! ಅಷ್ಟಕ್ಕೇ ಮುಗಿಯಲಿಲ್ಲ. ಒಂದು ಜಾಗಕ್ಕೆ ಮಂಜೂರಾದ ಕರೆಂಟನ್ನು ಇನ್ನೊಂದು ಜಾಗದಲ್ಲಿ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಎರಡು ಪಟ್ಟು ದರ ಹಾಕುತ್ತದೆ. ನೋಟಿಸ್ ಬರುವುದು ಯಾರ ಹೆಸರಿಗೆ? ಮೀಟರ್ ಯಾರ ಹೆಸರಲ್ಲಿದೆಯೋ ಅವರಿಗೆ. ಮೇಸ್ತ್ರಿ ಅಷ್ಟು ಹೊತ್ತಿಗೆ ಇನ್ನೊಂದು ಬಡಾವಣೆಯ ಇನ್ನೊಬ್ಬ ಅಕ್ಕನ ಕಾಂಪೌಂಡ್ ಹತ್ತಿರ ನಿಂತಿರುತ್ತಾನೆ.

ಕಿಟಕಿಯಿಂದ ಇಳಿದ ಆ ವೈರನ್ನು ಒಮ್ಮೆ ಹತ್ತಿರದಿಂದ ನೋಡಿ. ತುದಿಯಲ್ಲಿ ಪ್ಲಗ್ ಇಲ್ಲ. ಸಿಪ್ಪೆ ಸುಲಿದ ಎರಡು ತಾಮ್ರದ ತುದಿಗಳು ಸಾಕೆಟ್ಟಿನ ತೂತಿಗೆ ಇಳಿದಿವೆ. ಅಲ್ಲಾಡದೆ ಇರಲಿ ಅಂತ ಒಂದೊಂದಕ್ಕೂ ಒಂದೊಂದು ಬೆಂಕಿಕಡ್ಡಿ ತುರುಕಿದ್ದಾರೆ. ಅರ್ಥಿಂಗ್ ತೂತು ಖಾಲಿ, ಅದು ಸುಮ್ನೆ ಅಲಂಕಾರಕ್ಕೆ. ಮಧ್ಯದಲ್ಲಿ ಮೂರು ಜಾಯಿಂಟ್. ಎರಡಕ್ಕೆ ಟೇಪ್ ಸುತ್ತಿದೆ, ಟೇಪ್ ಮುಗಿದದ್ದರಿಂದ ಮೂರನೆಯದಕ್ಕೆ ಸಿಮೆಂಟ್ ಚೀಲದ ಚೂರು. ಅದೇ ಜಾಗದಲ್ಲಿ ಕ್ಯೂರಿಂಗ್ ನೀರು ನಿಂತಿದೆ. ನೀರಲ್ಲಿ ಒಂದು ಜೊತೆ ಹವಾಯಿ ಚಪ್ಪಲಿ, ಚಪ್ಪಲಿಯಲ್ಲಿ ಯಾದಗಿರಿಯಿಂದ ಬಂದ ಹುಡುಗ, ಹುಡುಗನ ಕೈಯಲ್ಲಿ ಗಾರ್ಡ್ ಬಿಚ್ಚಿದ ಗ್ರೈಂಡರ್.

30 ಮಿಲಿಆಂಪ್ ಸೋರಿದರೂ ಕರೆಂಟ್ ಕತ್ತರಿಸುವ ಇಎಲ್‌ಸಿಬಿ ಅಂತ ಒಂದು ಸ್ವಿಚ್ಚಿದೆ. ಅದನ್ನೂ ಹಾಕಿದ್ದರಂತೆ. "ಪದೇ ಪದೇ ಬೀಳ್ತಿತ್ತು ಸಾರ್, ಕೆಲಸ ಕೆಡ್ತಿತ್ತು, ಅದಕ್ಕೇ ಡೈರೆಕ್ಟ್ ಕೊಟ್ಟಿದೀವಿ." ಯಾಕೆ ಬೀಳುತ್ತಿತ್ತು ಅಂತ ಕೇಳಿದವನು ಇಂಜಿನಿಯರಿಂಗ್ ಓದಿದವನು, ಅವನ ಮಾತು ಸೈಟಲ್ಲಿ ನಡೆಯಲ್ಲ ಬಿಡಿ.

ಜನರೇಟರ್ ಬಾಡಿಗೆಗೆ ತರಬಹುದು. ಆಗ ಕರೆಂಟ್ ಕೊಡದ ಮನೆಗಳಿಗೂ ಬೀದಿ ತುಂಬಾ ಹೊಗೆ ಸಿಗುತ್ತದೆ.

ಬ್ಯಾಟರಿ ಮೆಷಿನ್ ಇದೆಯಲ್ಲ ಅನ್ನುತ್ತಾನೆ ಅಂಗಡಿ ಹುಡುಗ. ನಿಜ, ಸ್ಕ್ರೂ ಬಿಗಿಯಲು, ಗೋಡೆಗೆ ಒಂದೆರಡು ತೂತು ಕೊರೆಯಲು ಬಂಗಾರದಂಥ ವಸ್ತು. ಆದರೆ 18 ವೋಲ್ಟಿನ 4 ಆಂಪ್-ಅವರ್ ಬ್ಯಾಟರಿಯಲ್ಲಿರುವುದು 72 ವ್ಯಾಟ್-ಅವರ್. 1,200 ವ್ಯಾಟ್ ಎಳೆಯುವ ಮಾರ್ಬಲ್ ಕಟ್ಟರಿನ ಕೆಲಸ ಅದರಲ್ಲಿ ಮಾಡಿಸಿದರೆ ನಾಲ್ಕು ನಿಮಿಷವೂ ಬಾಳಲ್ಲ. ಖಾಲಿಯಾದ ಮೇಲೆ ಚಾರ್ಜ್ ಮಾಡುವುದೆಲ್ಲಿ? ಮತ್ತೆ ಅದೇ ಕಾಂಪೌಂಡು, ಅದೇ ಅಕ್ಕ.

ಅಂತೂ ಟೆಂಪರರಿ ಮೀಟರ್ ಬಂತು, ಮನೆಯೂ ಮುಗಿಯಿತು ಅನ್ನಿ. ಅಷ್ಟರಲ್ಲಿ, 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಹೇಳಿತು: ಒಸಿ (ನಕ್ಷೆ ಪ್ರಕಾರ ಕಟ್ಟಿದೆ, ವಾಸ ಮಾಡಬಹುದು ಅನ್ನುವ ಸರ್ಟಿಫಿಕೇಟ್) ತೋರಿಸಿದ ಮೇಲೆಯೇ ಕಟ್ಟಡಕ್ಕೆ ಕರೆಂಟ್, ನೀರು. ನಕ್ಷೆ ಮೀರಿ ಕಟ್ಟುವವರಿಗೆ ಬುದ್ಧಿ ಬರಲಿ ಅಂತ. ಸರಿಯೇ. ಆದರೆ ಬೆಂಗಳೂರಿನಲ್ಲಿ ಒಸಿ ಇರುವ ಮನೆ ಹುಡುಕುವುದು ಸಾಸಿವೆ ಹುಡುಕಿದ ಕಥೆಯೇ ಆಯಿತಲ್ವಾ? ಆಮೇಲೆ 1,200 ಚದರ ಅಡಿವರೆಗಿನ ಸೈಟಿನ ಚಿಕ್ಕ ಮನೆಗಳಿಗೆ ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟಿತು. ಉಳಿದವರು ಗೃಹಪ್ರವೇಶದ ಹಾಲನ್ನು ಟೆಂಪರರಿ ಕರೆಂಟಲ್ಲೇ ಉಕ್ಕಿಸಿ ಒಳಗೆ ಹೋದರು. ದರ ಜಾಸ್ತಿ, ಗೃಹಜ್ಯೋತಿ ಇಲ್ಲ. ಮಕ್ಕಳು ಸ್ಕೂಲಿಗೆ ಹೋಗುತ್ತಿದ್ದಾರೆ, ಟಿವಿಯಲ್ಲಿ ಧಾರಾವಾಹಿ ಬರುತ್ತಿದೆ, ಕಾಗದದ ಪ್ರಕಾರ ಮಾತ್ರ ಕಾಮಗಾರಿ ಇನ್ನೂ ಪ್ರಗತಿಯಲ್ಲಿದೆ. ಆ ಲೆಕ್ಕದಲ್ಲಿ ಅಡುಗೆಮನೆಯ ಮಿಕ್ಸಿಯೂ ಕಟ್ಟಡ ಕಟ್ಟುವ ಯಂತ್ರವೇ. ಚಟ್ನಿ ರುಬ್ಬುವಾಗ ಹೆಲ್ಮೆಟ್ ಹಾಕಿಕೊಳ್ಳಬೇಕೋ ಏನೋ, ಬೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಒಂದು ಮಾತು ಕೇಳಿ ನೋಡಬೇಕು.